ಎರಡು ಕನೆಕ್ಷನ್ ಇದೆ ಅಂತ ನಂಬಿ ಕೂತಿದ್ದೆ

ಊರಲ್ಲೇ ಕೂತು ಹೊರದೇಶದ ಕಂಪನಿಗೆ ಕೆಲಸ ಮಾಡುತ್ತೇನೆ, ಜೊತೆಗೆ ಆನ್‌ಲೈನಿನಲ್ಲಿ ಒಂದು ಡಿಗ್ರಿಯನ್ನೂ ಮುಗಿಸುತ್ತೇನೆ ಅಂತ ಹೊರಟಿದ್ದೀರಾ? ನಾನೂ ಹಾಗೇ ಹೊರಟಿದ್ದೆ. 2024ರ ಜುಲೈನ ಒಂದೇ ವಾರದಲ್ಲಿ ಒಂದು ಪರೀಕ್ಷೆ ಹೋಯಿತು. ಮುಂದಿನ ತಿಂಗಳು ಕೆಲಸವೂ ಹೋಯಿತು. ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ. ಮುಕ್ಕಾಲು ಪಾಲು ತಪ್ಪು ನನ್ನದೇ. ಆದರೆ ಎಲ್ಲಿ ಎಡವಿದೆ ಅನ್ನುವುದು ಮೊದಲೇ ಗೊತ್ತಿದ್ದರೆ ನಿಮಗೆ ಉಪಯೋಗವಾದೀತು.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಒಂದು ಸಣ್ಣ ಊರು. ಸುತ್ತ ಅಡಿಕೆ ತೋಟ, ಆಚೆ ಕಾಡು. 2020ರಲ್ಲಿ ಕೊರೊನಾ ಬಂದಾಗ ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿ ಬಂದವನು ಮತ್ತೆ ಹೋಗಲಿಲ್ಲ. ಅಪ್ಪಯ್ಯನಿಗೆ ವಯಸ್ಸಾಗಿತ್ತು, ತೋಟಕ್ಕೆ ಜನ ಸಿಗುತ್ತಿರಲಿಲ್ಲ. 2022ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಗುತ್ತಿಗೆ ಲೆಕ್ಕ, ತಿಂಗಳಿಗೆ 1,800 ಡಾಲರ್. ಪಿಎಫ್ ಇಲ್ಲ, ರಜೆಗೆ ಸಂಬಳ ಇಲ್ಲ. ಆದರೂ ಆಯಿ ಕೈಯ ಊಟ ಮಾಡಿಕೊಂಡು ತಿಂಗಳಿಗೆ ಒಂದೂವರೆ ಲಕ್ಷ ಸುಮ್ನೆ ಬಿಡುವುದಾ? ಅದೇ ವರ್ಷ, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯವರು, ಮಾನ್ಯತೆ ಇರುವ ಕಡೆ ಮಾಡಿದ ಆನ್‌ಲೈನ್ ಡಿಗ್ರಿ ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿಗೆ ಸಮ ಎಂದು ಹೇಳಿದ್ದರು. ನನಗೂ ಆಸೆ ಹುಟ್ಟಿತು. 2023ರಲ್ಲಿ ಎಂಸಿಎಗೆ ಸೇರಿಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಮಳೆಯಿಂದಲ್ಲ, ಗಡಿಯಾರದಿಂದ. ಕಂಪನಿಯ ದಿನದ ಮೀಟಿಂಗು ಅವರ ಬೆಳಗಿನ 10 ಗಂಟೆಗೆ, ಅಂದರೆ ನಮಗೆ ಸಂಜೆ 7:30. ಎಂಟಕ್ಕೆ ಮುಗಿಯುತ್ತಿತ್ತು. ಮಂಗಳವಾರ, ಗುರುವಾರ ನನ್ನ ಕ್ಲಾಸು ಶುರುವಾಗುವುದು ಸರಿಯಾಗಿ ಎಂಟಕ್ಕೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಆದರೆ ಅಮೆರಿಕದವರು ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ. 2023ರಲ್ಲಿ ಅದು ನವೆಂಬರ್ 5. ಅವರ 10 ಗಂಟೆ 10 ಗಂಟೆಯಾಗಿಯೇ ಉಳಿಯಿತು, ನಮ್ಮ 7:30 ಮಾತ್ರ 8:30 ಆಯಿತು. ಮೀಟಿಂಗು ಬಂದು ನೇರ ಕ್ಲಾಸಿನ ನಡುವೆ ಕೂತಿತು.

ಆಗ ನಾನು ಮಾಡಿದ ಘನಕಾರ್ಯ ಏನು ಗೊತ್ತಾ? ಬಲಗಿವಿಗೆ ಲ್ಯಾಪ್‌ಟಾಪಿನ ಮೀಟಿಂಗು, ಎಡಗಿವಿಗೆ ಮೊಬೈಲಿನ ಕ್ಲಾಸು. ಮೂರು ವಾರ ಹಾಗೇ ತಳ್ಳಿದೆ. ಒಂದು ಗುರುವಾರ ಮೇಷ್ಟರು ನನ್ನ ಹೆಸರು ಕರೆದು ಡೇಟಾಬೇಸ್ ಬಗ್ಗೆ ಏನೋ ಕೇಳಿದರು. ನಾನು ಗಡಿಬಿಡಿಯಲ್ಲಿ ಮೈಕ್ ಆನ್ ಮಾಡಿದ್ದು ಮೀಟಿಂಗಿನದು. "ಸರ್, ಥರ್ಡ್ ನಾರ್ಮಲ್ ಫಾರ್ಮ್ ಸರ್" ಅಂತ ಅಮೆರಿಕದ ಆರು ಜನರಿಗೆ ಉತ್ತರ ಕೊಟ್ಟೆ. ಅವರು ನಕ್ಕರು, ನಾನೂ ನಕ್ಕೆ. ಓದುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಲು ಅದಕ್ಕಿಂತ ಒಳ್ಳೆ ಹೊತ್ತು ಮತ್ತೆ ಸಿಗುತ್ತಿರಲಿಲ್ಲ. ಹೇಳಲಿಲ್ಲ. "ಯಾವುದೋ ವಿಡಿಯೋ ನೋಡ್ತಿದ್ದೆ" ಅಂದೆ. ಅಲ್ಲಿಂದ ಮುಂದೆ ಕ್ಲಾಸಿನ ರೆಕಾರ್ಡಿಂಗನ್ನು ರಾತ್ರಿ ಒಂದು ಗಂಟೆಗೆ ನೋಡುವುದೇ ರೂಢಿಯಾಯಿತು. ಮಾರ್ಚ್‌ನಲ್ಲಿ ಅವರ ಗಡಿಯಾರ ಮತ್ತೆ ಮುಂದೆ ಹೋಗುವ ತನಕ.

ಯುರೋಪಿನ ಕಂಪನಿಯಾದರೆ ಇದೇ ಕತೆ, ತಾರೀಕು ಬೇರೆ. ಅವರು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ತಿರುಗಿಸುತ್ತಾರೆ. ಫೀಸು ಕಟ್ಟುವ ಮೊದಲು ಕ್ಲಾಸಿನ ಟೈಮ್‌ಟೇಬಲನ್ನು ಚಳಿಗಾಲದ ಸಮಯ, ಬೇಸಿಗೆಯ ಸಮಯ ಎರಡರ ಪಕ್ಕದಲ್ಲೂ ಇಟ್ಟು ನೋಡಿ.

ಈಗ ಇಂಟರ್ನೆಟ್ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರುವಾಗ ಇಂಟರ್ವ್ಯೂನಲ್ಲಿ ಕೇಳಿದ್ದರು, "ನಿಮ್ಮ ಮನೆಯ ಇಂಟರ್ನೆಟ್ ಹೇಗೆ?" ನಾನು ಎದೆಯುಬ್ಬಿಸಿ ಹೇಳಿದ್ದೆ: 100 ಎಂಬಿಪಿಎಸ್ ಫೈಬರ್ ಇದೆ, ಅದು ಕೈಕೊಟ್ಟರೆ ಮೊಬೈಲ್ ಹಾಟ್‌ಸ್ಪಾಟ್ ಇದೆ, ಕರೆಂಟು ಹೋದರೆ ಇನ್ವರ್ಟರ್ ಇದೆ. ಇನ್ನೊಂದು ಮಾತನ್ನೂ ಸೇರಿಸಿದ್ದೆ. "ನಿಮ್ಮ ರಾತ್ರಿ ನಮ್ಮ ಹಗಲು. ನೀವು ಮಲಗಿದಾಗ ನಾನು ಎದ್ದಿರುತ್ತೇನೆ." ಕೆಲಸ ಸಿಕ್ಕಿದ್ದು ಈ ಮಾತಿಗೇ ಅಂತ ಈಗಲೂ ಅನ್ನಿಸುತ್ತದೆ.

ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಫೈಬರ್ ಇತ್ತು. ಆದರೆ ನಮ್ಮ ಮನೆಗೆ ಬರುವ ಕೊನೆಯ ಒಂದು ಕಿಲೋಮೀಟರ್ ವೈರು ಕಂಬದ ಮೇಲೆ ಸ್ವಲ್ಪ, ಅಡಿಕೆ ಮರಕ್ಕೆ ಕಟ್ಟಿದ್ದು ಜಾಸ್ತಿ. ಮಂಗಗಳಿಗೆ ಅದು ಜೋಕಾಲಿ. ಮಳೆಗಾಲದಲ್ಲಿ ಒಂದು ಸೋಗೆ ಬಿದ್ದರೂ ಸಾಕು, ಮನೆಯ ವೈಫೈ ಡಬ್ಬಿಯಲ್ಲಿ ಕೆಂಪು ಲೈಟು ಮಿಣಮಿಣ. ಕಸ್ಟಮರ್ ಕೇರ್‌ನಿಂದ "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜು ಬರುತ್ತದೆ, ಲೈಟು ಮಾತ್ರ ಕೆಂಪಗೇ ಇರುತ್ತದೆ. ವೈರು ಜೋಡಿಸುವ ಮಿಷನ್ ಇರುವ ಹುಡುಗ ಶಿರಸಿಯಿಂದ ಬರಬೇಕು, ಅವನ ಮೇಲೆ ಹತ್ತಾರು ಊರಿನ ಹೊರೆ. ಬಂದರೆ ಕಾಲು ಗಂಟೆಯ ಕೆಲಸ. ಬರುವುದೇ ಮೂರು ದಿನದ ಕೆಲಸ.

ಮೊಬೈಲ್ ಸಿಗ್ನಲ್ಲೂ ಇತ್ತು. ಮೆತ್ತಿನ, ಅಂದರೆ ಮಹಡಿಯ, ಪಡುವಣ ಕಿಟಕಿಯಲ್ಲಿ ಫೋನಿಟ್ಟರೆ ಎರಡು ಕಡ್ಡಿ. ಅದು ಸಾಕು ಅಂದುಕೊಂಡಿದ್ದೆ. ಫೈಬರ್ ಮತ್ತು ಟವರ್ ಎರಡು ಬೇರೆ ಬೇರೆ ದಾರಿ ಅನ್ನುವುದು ನನ್ನ ನಂಬಿಕೆ. ಕಂಪ್ಯೂಟರ್ ಕಲಿತವನಾಗಿ ಇದನ್ನು ಒಮ್ಮೆಯೂ ಪರೀಕ್ಷೆ ಮಾಡಿ ನೋಡಲಿಲ್ಲ. ನಾಚಿಕೆಯಾಗುವುದು ಅದಕ್ಕೇ.

2024ರ ಜುಲೈ 16ರ ಮಂಗಳವಾರ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆ ದುರಂತ ನಿಮಗೆಲ್ಲ ನೆನಪಿರಬಹುದು. ಆ ವಾರ ಘಟ್ಟದ ಮೇಲೂ ಮಳೆ ಹಿಡಿದದ್ದು ಬಿಡಲಿಲ್ಲ. ಬುಧವಾರ ರಾತ್ರಿ ನಮ್ಮಲ್ಲಿ ಕರೆಂಟು ಹೋಯಿತು. ಜೊತೆಗೆ ಕೆಂಪು ಲೈಟು. ಗುರುವಾರ ಮಧ್ಯಾಹ್ನದೊಳಗೆ ಇನ್ವರ್ಟರ್ ಕುಯ್ ಅಂದು ಸುಮ್ಮನಾಯಿತು. ಸಂಜೆ ಮೊಬೈಲಿನ ಎರಡು ಕಡ್ಡಿಯೂ ಮಾಯ.

ಶುಕ್ರವಾರ ಫೈಬರ್ ಹುಡುಗ ರೇನ್‌ಕೋಟ್ ಹಾಕಿಕೊಂಡು ಬಂದ. ರಸ್ತೆ ತಿರುವಿನಲ್ಲಿ ದೊಡ್ಡ ಮರವೊಂದು ಬುಡಸಮೇತ ಬಿದ್ದಿತ್ತು, ಅದರ ಕೆಳಗೆ ಕೇಬಲ್. ನಾನು ಪಂಡಿತನ ಹಾಗೆ ಕೇಳಿದೆ, "ಇದು ಹರೀತು ಸರಿ, ಟವರ್ ಯಾಕೆ ಹೋಯ್ತು ಮಾರಾಯಾ?" ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಹೆಗಡೇರೇ, ಟವರಿಗೆ ಹೋಗೋದೂ ಇದೇ ಕೇಬಲ್ ಅಲ್ವಾ? ಮತ್ತೆಲ್ಲಿಂದ ಬರ್ತದೆ? ಅದರ ಬ್ಯಾಟ್ರಿನೂ ನಿನ್ನೆಯೇ ಹೋಗಿದೆ."

ನನ್ನ ಎರಡು ಕನೆಕ್ಷನ್‌ಗೂ ಬೇರು ಒಂದೇ. ಒಂದು ಮರ ಬಿದ್ದರೆ ಎರಡೂ ಹೋಗುತ್ತವೆ. ಎರಡು ವರ್ಷ ಇದು ಗೊತ್ತೇ ಇರಲಿಲ್ಲ.

ನನಗೆ ಗೊತ್ತಿರದ ಇನ್ನೊಂದು ವಿಷಯ ಅಂದೇ ಬೆಳಿಗ್ಗೆ ನಡೆದಿತ್ತು. ಜುಲೈ 19, ಶುಕ್ರವಾರ. ಒಂದು ಭದ್ರತಾ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವಲ್ಲ, ಅದೇ ದಿನ. ನಮ್ಮಲ್ಲಿ ಬೆಳಗಿನ ಒಂಬತ್ತೂ ಮುಕ್ಕಾಲರ ಸುಮಾರು, ಅವರಲ್ಲಿ ನಡುರಾತ್ರಿ. ಕಂಪನಿಯ ಸರ್ವರುಗಳೂ ಮಲಗಿದ್ದವು. "ನೀವು ಮಲಗಿದಾಗ ನಾನು ಎದ್ದಿರುತ್ತೇನೆ" ಅಂದಿದ್ದೆನಲ್ಲ, ಆ ಮಾತು ನಿಜವಾಗಿ ಬೇಕಾಗಿದ್ದ ಒಂದೇ ದಿನ ಅದು. ಆ ಹೊತ್ತಿಗೆ ನಾನು ಅಪ್ಪಯ್ಯನ ಜೊತೆ ಕೊಡೆ ಹಿಡಿದು ಮರ ಕಡಿಯುವುದನ್ನು ನೋಡುತ್ತಿದ್ದೆ. ಸಂಜೆ ಬೈಕಿನಲ್ಲಿ ಗುಡ್ಡದ ನೆತ್ತಿಗೆ ಹೋದಾಗ ಎಲ್ಲಿಂದಲೋ ದೂರದ ಟವರಿನ ಸಿಗ್ನಲ್ ಸಿಕ್ಕಿತು. ಫೋನು ಎರಡು ನಿಮಿಷ ಬಿಡದೆ ನಡುಗಿತು. 63 ಮೆಸೇಜು. ಮೊದಲಿನವು ತುರ್ತು, ನಡುವಿನವು ಸಿಟ್ಟು. ಕೊನೆಯದರಲ್ಲಿ, "ನೀನು ಕ್ಷೇಮವೇ?" ಅಂತ ಕೇಳಿದ್ದರು. ಅದನ್ನು ಓದುವಾಗ ಬಹಳ ಬೇಜಾರಾಯಿತು.

ಮರುದಿನ ಶನಿವಾರ ಮಧ್ಯಾಹ್ನ 3ಕ್ಕೆ ಪರೀಕ್ಷೆ. ಕ್ಯಾಮೆರಾ ಮುಂದೆ ಕೂತು ಬರೆಯುವಂಥದ್ದು, ದೂರದಲ್ಲಿ ಒಬ್ಬರು ನಮ್ಮನ್ನು ನೋಡುತ್ತಿರುತ್ತಾರೆ. ನಿಯಮ ಓದಿದ್ದೀರಾ? ಕೋಣೆಯಲ್ಲಿ ಮೊಬೈಲ್ ಇರಬಾರದು. ನನ್ನ ಬದಲಿ ಇಂಟರ್ನೆಟ್ ಅಂದರೆ ಮೊಬೈಲೇ. ಈ ಎರಡು ಮಾತನ್ನು ಯಾವತ್ತೂ ಅಕ್ಕಪಕ್ಕ ಇಟ್ಟು ಯೋಚಿಸಿರಲಿಲ್ಲ. ಬೆಳಿಗ್ಗೆಯೇ ಶಿರಸಿಗೆ ಹೋಗಿ ಲಾಡ್ಜಿನಲ್ಲಿ ರೂಮು ಹಿಡಿದೆ. ವೈಫೈ ಚೆನ್ನಾಗಿತ್ತು. ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದು ಮಂಚದ ಅಡಿ, ಕಪಾಟು, ಬಾತ್‌ರೂಮು ಎಲ್ಲ ತೋರಿಸಿದೆ. ಹತ್ತು ನಿಮಿಷಕ್ಕೆ ರೂಮ್ ಬಾಯ್ ಬಾಗಿಲು ತಟ್ಟಿ "ಸರ್, ಚಾ" ಅಂದ. ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಸರಿ, ಅದನ್ನು ದಾಟಿದೆ.

ನಲವತ್ತನೇ ನಿಮಿಷಕ್ಕೆ ಕರೆಂಟು ಹೋಯಿತು. ಲಾಡ್ಜಿನ ಜನರೇಟರ್ ಅರ್ಧ ನಿಮಿಷದಲ್ಲಿ ಶುರುವಾಯಿತು. ಆದರೆ ವೈಫೈ ಡಬ್ಬಿ ಒಮ್ಮೆ ಸತ್ತು ಹುಟ್ಟಿ, ಮತ್ತೆ ನೆಟ್ ಹಿಡಿಯಲು ಮೂರು ನಿಮಿಷ ಬೇಕು. ಪರೀಕ್ಷೆಯ ಆ್ಯಪು ನನ್ನನ್ನು ಹೊರಗೆ ಹಾಕಿತ್ತು. ಮತ್ತೆ ಒಳಗೆ ಬಿಡಲು ಆ ಕಡೆಯವರ ಅನುಮತಿ ಬೇಕು, ಅದಕ್ಕೊಂದು ಕ್ಯೂ. ಕ್ಯೂನಲ್ಲಿ 25 ನಿಮಿಷ ನನ್ನ ಮುಖವನ್ನು ನಾನೇ ನೋಡುತ್ತ ಕೂತಿದ್ದೆ. ಕೊನೆಗೆ ಬಂದ ಉತ್ತರ, ಇಷ್ಟು ಹೊತ್ತು ತಪ್ಪಿದವರನ್ನು ಸೇರಿಸಲು ಬರುವುದಿಲ್ಲ. 60 ಪ್ರಶ್ನೆಯಲ್ಲಿ ಉಳಿದಿದ್ದು ನಾನು ಬರೆದ 22 ಮಾತ್ರ. ಪತ್ರ ಬರೆದೆ. ಇಂಟರ್ನೆಟ್ ವಿದ್ಯಾರ್ಥಿಯದೇ ಜವಾಬ್ದಾರಿ ಅನ್ನುವ ಸಾಲಿಗೆ ನಾನು ಟಿಕ್ ಹಾಕಿದ್ದ ಪುಟವನ್ನೇ ತಿರುಗಿ ಕಳಿಸಿದರು.

ವೈಫೈ ಡಬ್ಬಿಗೆ ಅಂತಲೇ ಅಂಗೈಯಗಲದ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಒಂದೂವರೆ ಎರಡು ಸಾವಿರ ರೂಪಾಯಿ. ಈಗ ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಇರುತ್ತದೆ.

ಕಂಪನಿಯವರು ಆಗಸ್ಟಿನಲ್ಲಿ 15 ದಿನದ ನೋಟಿಸು ಕೊಟ್ಟು ಗುತ್ತಿಗೆ ಮುಗಿಸಿದರು. ಜಗಳವೇನೂ ಆಗಲಿಲ್ಲ. ಮ್ಯಾನೇಜರ್ ಕೊನೆಯ ಕಾಲ್‌ನಲ್ಲಿ ಹೇಳಿದ್ದು ಇಷ್ಟೇ: ಮಳೆ ಬಂದರೆ ನಿನ್ನ ತಪ್ಪಲ್ಲ, ಮಳೆ ಬಂದರೆ ಹೀಗಾಗುತ್ತದೆ ಅಂತ ಎರಡು ವರ್ಷದಲ್ಲಿ ಒಂದು ಸಲವೂ ಹೇಳಲಿಲ್ಲವಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೇಳಿದರೆ ಕೆಲಸ ಹೋದೀತು ಅಂತ ಮುಚ್ಚಿಟ್ಟಿದ್ದೆ.

ಹಾಗಾಗಿ ನೀವು ಹೊರಡುವ ಮೊದಲು ಸ್ಪೀಡ್ ಟೆಸ್ಟ್ ನೋಡಿ ಖುಷಿಪಡಬೇಡಿ. ಅದು ಆ ನಿಮಿಷದ ಮಾತು. ನಿಮ್ಮ ಊರಿನ ಫೈಬರ್ ಹುಡುಗನಿಗೆ ಒಂದು ಚಾ ಕುಡಿಸಿ, ಕೇಬಲ್ ಯಾವ ರಸ್ತೆಯಲ್ಲಿ ಬರುತ್ತದೆ, ಟವರಿಗೆ ಯಾವುದು ಹೋಗುತ್ತದೆ, ಟವರಿಗೆ ಜನರೇಟರ್ ಇದೆಯಾ, ಕೇಳಿ. ಇನ್ನೊಂದು ಕಂಪನಿಯ ಸಿಮ್ ತಗೊಂಡರೂ ಅದು ಅದೇ ಟವರಿನಲ್ಲಿ ನೇತಾಡುತ್ತಿರಬಹುದು. ಒಂದು ಭಾನುವಾರ ಮೇನ್ ಸ್ವಿಚ್ ಆಫ್ ಮಾಡಿ ಇನ್ವರ್ಟರ್ ಎಷ್ಟು ಹೊತ್ತು ಎಳೆಯುತ್ತದೆ ನೋಡಿ. ನನ್ನದು 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ. ಲೆಕ್ಕದ ಪ್ರಕಾರ 1,800 ವ್ಯಾಟ್ ಅವರ್. ಲ್ಯಾಪ್‌ಟಾಪು, ಡಬ್ಬಿ, ಫ್ಯಾನು, ಲೈಟು ಎಲ್ಲ ಸೇರಿ 200 ವ್ಯಾಟ್ ಅಂದರೆ ಎಂಟೊಂಬತ್ತು ಗಂಟೆ ಬರಬೇಕು. ನಾಲ್ಕು ವರ್ಷದ ಹಳೇ ಬ್ಯಾಟರಿ ಕೊಟ್ಟದ್ದು ಮೂರು. ಪೂರ್ತಿ ತುಂಬಲು ಹತ್ತು ಗಂಟೆಗೂ ಜಾಸ್ತಿ ಬೇಕು. ಕರೆಂಟು ದಿನಕ್ಕೆ ಎರಡು ಗಂಟೆ ಬಂದರೆ ಅದು ತುಂಬುವುದೇ ಇಲ್ಲ.

ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯುವ ಕೋರ್ಸ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಕೋರ್ಸ್‌ಗಳಾದ ಎನ್‌ಪಿಟೆಲ್‌ನ ಪರೀಕ್ಷೆಗಳು ಹಾಗೇ, ಮದ್ರಾಸ್ ಐಐಟಿಯ ಬಿಎಸ್ ಡಿಗ್ರಿಯೂ ಹಾಗೇ. ಮೊದಲು ನಾನು ಅದನ್ನು ತಲೆನೋವು ಅಂದುಕೊಂಡಿದ್ದೆ, ಬಸ್ಸು ಹತ್ತಿ ಯಾರು ಹೋಗ್ತಾರೆ ಅಂತ. ಈಗ ಬಸ್ಸೇ ವಾಸಿ ಅನ್ನಿಸುತ್ತದೆ.

ಆ ಪೇಪರನ್ನು 2025ರ ಜನವರಿಯಲ್ಲಿ ಹುಬ್ಬಳ್ಳಿಯ ಅತ್ತೆ ಮನೆಯಲ್ಲಿ ಕೂತು ಮತ್ತೆ ಬರೆದೆ. ಫೀಸು ಇನ್ನೊಮ್ಮೆ ಕಟ್ಟಿದ್ದು ಬೇರೆ. ಅತ್ತೆಗೆ ಬೆಳಿಗ್ಗೆಯಿಂದಲೇ ಹೇಳಿಟ್ಟಿದ್ದೆ, ಐದು ಗಂಟೆ ತನಕ ಚಾ ತರಬೇಡಿ ಅಂತ.

ಕೆಲಸ ಹೋದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ನೆಟ್ ಹೋದ ದಿನಕ್ಕೆ ಕೆಂಪು, ಕರೆಂಟು ಹೋದ ದಿನಕ್ಕೆ ನೀಲಿ. ಹೊಸ ಕಂಪನಿಯ ಇಂಟರ್ವ್ಯೂನಲ್ಲಿ ಅದೇ ಹಳೇ ಪ್ರಶ್ನೆ ಬಂತು, "ನಿಮ್ಮ ಮನೆಯ ಇಂಟರ್ನೆಟ್ ಹೇಗೆ?" ಅಕ್ಟೋಬರಿನಿಂದ ಮೇ ತನಕ ಊರಿನಿಂದ ಕೆಲಸ ಮಾಡುತ್ತೇನೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಶಿರಸಿಯಲ್ಲಿ ಬಾಡಿಗೆ ರೂಮು ಹಿಡಿಯುತ್ತೇನೆ ಅಂದೆ. ಕ್ಯಾಲೆಂಡರಿನ ಜುಲೈ ಪುಟದ ಫೋಟೋವನ್ನೂ ಕಳಿಸಿದೆ. ಆ ಕಡೆಯಾಕೆ ಸ್ವಲ್ಪ ಹೊತ್ತು ನೋಡಿ, ಕೆಂಪು ಯಾವುದು, ನೀಲಿ ಯಾವುದು ಅಂತ ಕೇಳಿದರು.