‘1080ಪಿ’ ಸ್ಟಿಕ್ಕರ್ ನೋಡಿ ಬ್ಲೂ-ರೇ ಪ್ಲೇಯರ್ ಅಂತ ದುಡ್ಡು ಕೊಡಬೇಡಿ

ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಪ್ಲೇಯರ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ.

ನಮ್ಮಣ್ಣ ಅಮೆರಿಕದಿಂದ ಬರುವಾಗ ಒಂದಿಷ್ಟು ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್), ಡಿವಿಡಿ ತಂದಿದ್ದ. ದುರ್ಗದಬೈಲ್ ಹತ್ತಿರ ಒಂದು ಅಂಗಡಿಯಲ್ಲಿ ಪ್ಲೇಯರ್ ಸಿಕ್ಕಿತು. ಮುಂದೆ ದೊಡ್ಡದಾಗಿ ‘1080ಪಿ ಫುಲ್ ಎಚ್‌ಡಿ’ ಸ್ಟಿಕ್ಕರ್, ಹಿಂದೆ ಟಿವಿಗೆ ವೈರ್ ಜೋಡಿಸುವ ಎಚ್‌ಡಿಎಂಐ ಕಿಂಡಿ. “ಬ್ಲೂ-ರೇನೂ ಓಡ್ತದ್ರಿ, ಚಿಂತಿ ಮಾಡಬ್ಯಾಡ್ರಿ” ಅಂದ ಅಂಗಡಿಯವನು ತನ್ನದೇ ಒಂದು ಡಿಸ್ಕ್ ಹಾಕಿ ಎರಡು ನಿಮಿಷ ತೋರಿಸಿದ. ಹಳೇ ಮಾಲಿಗೆ ಬಿಲ್ ಇಲ್ಲವಂತೆ.

ಮನೆಯಲ್ಲಿ ಬ್ಲೂ-ರೇ ಹಾಕಿದರೆ ಗರ್ರ್ ಅಂತ ಸ್ವಲ್ಪ ತಿರುಗಿ ‘ನೋ ಡಿಸ್ಕ್’. ವಾಪಸ್ ಒಯ್ದರೆ ನಿಮ್ಮ ಡಿಸ್ಕೇ ಕೆಟ್ಟಿದೆ ಅಂದ. ಶುದ್ಧ ಸುಳ್ಳು! ಅದು ಬರೀ ಡಿವಿಡಿ ಪ್ಲೇಯರ್. ಡಿವಿಡಿ ಓದೋದು 650 ನ್ಯಾನೋಮೀಟರಿನ ಕೆಂಪು ಲೇಸರ್, ಬ್ಲೂ-ರೇಗೆ ಬೇಕಿರೋದು 405ರ ನೀಲಿ-ನೇರಳೆ ಲೇಸರ್. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿದರೆ ಬ್ಲೂ-ರೇಯಲ್ಲಿ 25 ಜಿಬಿ ಹಿಡಿಯುತ್ತದೆ, ಅಷ್ಟು ಸಣ್ಣ ಗುರುತುಗಳನ್ನು ಕೆಂಪು ಲೇಸರ್ ಓದೋಕೆ ಸಾಧ್ಯವೇ ಇಲ್ಲ, ಯಾವ ರಿಪೇರಿಯವನೂ ಸಾಫ್ಟ್‌ವೇರ್ ಹಾಕಿ ಓದಿಸಲಾರ. ಮತ್ತೆ ಆ 1080, ಅಂದರೆ ಚಿತ್ರದಲ್ಲಿ ಮೇಲಿಂದ ಕೆಳಗೆ 1080 ಸಾಲು ಅನ್ನೋದು? ನಮ್ಮ ಕಡೆ ನಡೆಯೋ ‘ಪಾಲ್’ (PAL) ಅನ್ನೋ ಟಿವಿ ಪದ್ಧತಿಯ ಡಿವಿಡಿಯ ಚಿತ್ರ ಇರೋದೇ 720 ಗುಣಿಸು 576 ಚುಕ್ಕಿ. ಅದನ್ನೇ ಹಿಗ್ಗಿಸಿ ಟಿವಿಗೆ ಕಳಿಸುತ್ತದೆ ಅಷ್ಟೇ, ಡಿಸ್ಕಿನಲ್ಲಿ ಇಲ್ಲದ ಸ್ಪಷ್ಟತೆ ಎಲ್ಲಿಂದ ಬರಬೇಕು?

ಅಣ್ಣನ ಡಿವಿಡಿಗಳೂ ಓಡಲಿಲ್ಲ, ಅದು ಬೇರೆ ಕಥೆ. ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕು ಅಂತ ಡಿಸ್ಕಿಗೆ ‘ರೀಜನ್’ ಅನ್ನೋ ಬೀಗ ಹಾಕಿರುತ್ತಾರೆ. ಅಮೆರಿಕದ್ದು ರೀಜನ್ 1, ನಮ್ಮದು 5. ಬ್ಲೂ-ರೇಗೂ ಇದೇ ತೊಂದರೆ ಇದೆ, ಅಲ್ಲಿನದು ಎ, ಇಲ್ಲಿನದು ಸಿ. ಎಲ್ಲಾ ರೀಜನ್‌ಗೂ ಓಡುವ ಡಿಸ್ಕ್‌ಗಳೂ ಇವೆ, ಡಬ್ಬಿಯ ಹಿಂದೆ ನೋಡಿ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ತಂಗಿ ಮದುವೆ ಡಿವಿಡಿ ಹಾಕಿದಾಗ. ಅರಿಶಿನ ಶಾಸ್ತ್ರ ಚೆನ್ನಾಗಿ ಬಂತು, ಅಕ್ಷತೆ ಹೊತ್ತಿಗೆ ಚಿತ್ರ ಚೌಕ ಚೌಕ ಒಡೆದು ನಿಂತೇಬಿಟ್ಟಿತು. ಅದೇ ಡಿಸ್ಕ್ ಪಕ್ಕದ ಮನೆ ಪ್ಲೇಯರಿನಲ್ಲಿ ಕೊನೇವರೆಗೂ ಓಡಿತು. ಡಿಸ್ಕ್ ಓದೋದು ಒಳಗಿನಿಂದ ಹೊರಗೆ. ಲೇಸರ್ ದಣಿದ ಪ್ಲೇಯರ್ ಹೊರ ಅಂಚಿಗೆ ಬಂದಾಗ ತಡವರಿಸುತ್ತದೆ, ಅದರಲ್ಲೂ ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕ್ ಆದರೆ ಇನ್ನೂ ಕಷ್ಟ. ಅಂಗಡಿಯಲ್ಲಿ ಮೊದಲ ಎರಡು ನಿಮಿಷ ತೋರಿಸಿದರೆ ಇದು ಗೊತ್ತಾಗೋದೇ ಇಲ್ಲ.

ಹಾಗಾಗಿ ನಿಮ್ಮದೇ ಡಿಸ್ಕ್ ಒಯ್ಯಿರಿ, ಮದುವೆದು ಒಂದು ಇರಲೇಬೇಕು. ಕೊನೆ ಭಾಗಕ್ಕೆ ಓಡಿಸಿ ನೋಡಿ. ಬ್ಲೂ-ರೇ ಬೇಕಿದ್ದರೆ ಪ್ಲೇಯರಿನ ಮೈಮೇಲೆ ಬ್ಲೂ-ರೇ ಗುರುತು ಹುಡುಕಿ, ಸುಮ್ನೆ ಸ್ಟಿಕ್ಕರ್ ನಂಬಬೇಡಿ. ಮಾಡೆಲ್ ನಂಬರ್ ಬರೆದ ಬಿಲ್ ಕೊಡದಿದ್ದರೆ ಪ್ಲೇಯರ್ ಅಲ್ಲೇ ಬಿಟ್ಟು ಬನ್ನಿ.