ಇಂಕ್‌ಸ್ಕೇಪ್: ಲಗ್ನಪತ್ರಿಕೆ, ಫ್ಲೆಕ್ಸ್, ರೇಡಿಯಂ ಕಟಿಂಗ್ ಎಲ್ಲಕ್ಕೂ ಬಳಸಿದ ಮೇಲೆ

ಇಂಕ್‌ಸ್ಕೇಪ್ ಅನ್ನುವ ಉಚಿತ ಡಿಸೈನ್ ತಂತ್ರಾಂಶದ 0.48 ವರ್ಶನ್ ಇದ್ದ ಕಾಲದಿಂದ ಇದರಲ್ಲೇ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಗಣಪತಿ ಹಬ್ಬದ ಫ್ಲೆಕ್ಸ್, ಸಂಘದ ಸೀಲು, ಆಟೋ ಹಿಂದಿನ ಸ್ಟಿಕರ್, ಆಗೊಮ್ಮೆ ಈಗೊಮ್ಮೆ ಸ್ಮರಣ ಸಂಚಿಕೆಯ ಮುಖಪುಟ. ಹೊಸ ವರ್ಶನ್ ಬಂದಾಗಲೆಲ್ಲ ಏನೇನು ಸೇರಿಸಿದ್ದಾರೆ ಅನ್ನುವ ದೊಡ್ಡ ಪಟ್ಟಿ ಬರುತ್ತದೆ. ಅದರಲ್ಲಿ ಮುಕ್ಕಾಲು ಭಾಗ ನನ್ನ ಕೆಲಸಕ್ಕೆ ಬೇಕಾಗಿಲ್ಲ. ಬೇಕಾದ ನಾಲ್ಕೈದು ಮಾತ್ರ ದಿನದ ಕೆಲಸವನ್ನೇ ಬದಲಾಯಿಸಿವೆ. ಅವುಗಳ ಬಗ್ಗೆ, ಮತ್ತೆ ಕನ್ನಡ ಅಕ್ಷರದ ಜೊತೆ ಕೆಲಸ ಮಾಡುವವರಿಗೆ ಇದರಲ್ಲಿ ಎಲ್ಲಿ ಸುಖ, ಎಲ್ಲಿ ಕಷ್ಟ ಅನ್ನುವುದರ ಬಗ್ಗೆ ಹೇಳುತ್ತೇನೆ.

ಮೊದಲು ಸುಖ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ನೇರವಾಗಿ ಟೈಪ್ ಮಾಡಬಹುದು. ಒತ್ತಕ್ಷರ, ಅರ್ಕಾವತ್ತು, ದೀರ್ಘ ಎಲ್ಲವೂ ತಮ್ಮ ಜಾಗದಲ್ಲಿ ಕೂರುತ್ತವೆ. ಹೊಸ ಫಾಂಟ್ ಸಿಕ್ಕಾಗ ನಾನು ಮೊದಲು ಟೈಪ್ ಮಾಡುವುದು ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ’ ಅಂತ. ಪತ್ರಿಕೆಯ ತಲೆಯಲ್ಲಿ ಹೇಗೂ ಬರುವ ಸಾಲು. ಅದರಲ್ಲಿ ‘ಕ್ಷ್ಮೀ’ ಸರಿಯಾಗಿ ಕಂಡರೆ ಆ ಫಾಂಟನ್ನು ನಂಬಬಹುದು. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೋ ಕನ್ನಡ, ಅನೇಕ್ ಕನ್ನಡ, ನವಿಲು, ಗುಬ್ಬಿ ಎಲ್ಲವೂ ಉಚಿತ. ಪತ್ರಿಕೆಯ ಒಳಪುಟಕ್ಕೆ ತಿರೋ, ಫ್ಲೆಕ್ಸ್‌ಗೆ ಬಲೂ ತಮ್ಮ ಅಂತ ನನ್ನ ಲೆಕ್ಕ. ಅನೇಕ್ ವೇರಿಯಬಲ್ ಫಾಂಟ್ ಆಗಿಯೂ ಸಿಗುತ್ತದೆ. ಟೆಕ್ಸ್ಟ್ ಡೈಲಾಗ್‌ನಲ್ಲಿ ಅಕ್ಷರದ ದಪ್ಪ, ಅಗಲ ಎರಡನ್ನೂ ಸ್ಲೈಡರ್ ಎಳೆದು ಹೊಂದಿಸಬಹುದು. ಉದ್ದದ ಹೆಸರನ್ನು ಸಣ್ಣ ಜಾಗದಲ್ಲಿ ಕೂರಿಸಬೇಕಾದಾಗ ಇದು ದೊಡ್ಡ ಉಪಕಾರ. ಅಕ್ಷರವನ್ನು ಅಡ್ಡಕ್ಕೆ ಹಿಸುಕಿ ವಿಕಾರ ಮಾಡುವ ಕೆಲಸ ತಪ್ಪುತ್ತದೆ.

ಹಳೆಯ ನುಡಿ, ಶ್ರೀಲಿಪಿ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಮ್ಯಾಟರ್ ಕೊಟ್ಟರೆ ಮಾತ್ರ ಅದನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಂಡೇ ತರಬೇಕು. ಸುಮ್ನೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದು ಸಲ ಕಣ್ಣಾಡಿಸಿ ನೋಡಿ.

ಟೈಪಿಂಗ್‌ನಲ್ಲಿ ಒಂದು ಕಿಟುಕು ಹೇಳಲೇಬೇಕು. ‘ರ‍್ಯಾಲಿ’, ‘ರ‍್ಯಾಂಕ್’ ಅಂತ ಬರೆಯಲು ಹೋದರೆ ರಕಾರ ಓಡಿಹೋಗಿ ಅರ್ಕಾವತ್ತು ಆಗಿಬಿಡುತ್ತದೆ, ‘ರ್ಯಾಲಿ’ ಅಂತ. ‘ರಾಜ್‌ಕುಮಾರ್’ ಅಂತ ಬರೆದರೆ ಜ ಕೆಳಗೆ ಕ ಒತ್ತು ಬಂದು ‘ರಾಜ್ಕುಮಾರ್’ ಆಗುತ್ತದೆ. ಕೆಲವು ಕೀಬೋರ್ಡ್‌ಗಳಲ್ಲಿ ಇದಕ್ಕೆ ಬೇಕಾದ ಕೀ ಇರುತ್ತದೆ, ಕೆಲವುದರಲ್ಲಿ ಇಲ್ಲ. ಇಂಕ್‌ಸ್ಕೇಪ್‌ನ ಟೆಕ್ಸ್ಟ್ ಟೂಲ್ ಒಳಗೇ ದಾರಿ ಇದೆ. ‘ರ’ ಹಾಕಿ, ಕಂಟ್ರೋಲ್ ಜೊತೆ ಯು ಒತ್ತಿ, 200 ಮತ್ತು ಇಂಗ್ಲಿಷ್‌ನ ಡಿ ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ ಹಲಂತ, ಯ. ‘ರ‍್ಯ’ ಬರುತ್ತದೆ. ರಾಜ್‌ಕುಮಾರ್‌ಗೆ ‘ಜ್’ ಆದ ಮೇಲೆ ಅದೇ ರೀತಿ 200 ಮತ್ತು ಇಂಗ್ಲಿಷ್‌ನ ಸಿ ಹಾಕಿ, ನಂತರ ‘ಕು’. ಮದುಮಗನ ಹೆಸರನ್ನೇ ಪತ್ರಿಕೆಯಲ್ಲಿ ಹೆಂಗೆಂಗೋ ಹಾಕಿದರೆ ಯಾರು ಸುಮ್ಮನಿರುತ್ತಾರೆ?

ಸಾಲುಗಳ ನಡುವಿನ ಅಂತರ ಇನ್ನೊಂದು. ಇದರಲ್ಲಿ ತಾನಾಗಿ ಬರುವುದು 1.25. ಇಂಗ್ಲಿಷ್‌ಗೆ ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು 1.5ಕ್ಕಿಂತ ಕಡಿಮೆ ಇಡುವುದಿಲ್ಲ. ಸೀಲಿಗಾಗಿ ವೃತ್ತದ ಸುತ್ತ ಅಕ್ಷರ ಹಾಕುವಾಗಲೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಒತ್ತುಗಳೆಲ್ಲ ವೃತ್ತದ ಒಳಬದಿಗೆ ಇಳಿಯುತ್ತವೆ. ಅಲ್ಲಿ ಜಾಗ ಕಿರಿದು, ಒಂದರ ಮೈಮೇಲೆ ಒಂದು ಬೀಳುತ್ತವೆ. ಅಕ್ಷರದ ಸೈಜ್ ಕಡಿಮೆ ಮಾಡುವ ಬದಲು ವೃತ್ತವನ್ನು ಸ್ವಲ್ಪ ದೊಡ್ಡದು ಮಾಡಿ, ಒಳಗಿನ ಗೆರೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿ.

ಈಗ ರೇಡಿಯಂ ಕಟಿಂಗ್, ಅಂದರೆ ಸ್ಟಿಕರ್ ಹಾಳೆಯಿಂದ ಅಕ್ಷರ ಕತ್ತರಿಸುವ ವಿಷಯ. ಸ್ಟಿಕರ್ ಅಂಗಡಿಗೆ ಫೈಲ್ ಕಳಿಸುವ ಎಲ್ಲರೂ ಇದನ್ನು ತಿಳಿದಿರಬೇಕು. ‘ಅಪ್ಪ-ಅಮ್ಮನ ಆಶೀರ್ವಾದ’ ಅಂತ ದಪ್ಪ ಫಾಂಟ್‌ನಲ್ಲಿ ಬರೆದಿರಿ ಅನ್ನಿ. ಸ್ಕ್ರೀನ್ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ‘ಪ್ಪ’ದಲ್ಲಿ ಒತ್ತು ಬೇರೆ ತುಂಡು, ಮೇಲಿನ ಅಕ್ಷರ ಬೇರೆ ತುಂಡು. ದಪ್ಪ ಫಾಂಟ್‌ನಲ್ಲಿ ಎರಡೂ ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಕಟಿಂಗ್ ಪ್ಲಾಟರ್‌ಗೆ ಬಣ್ಣ ಕಾಣುವುದಿಲ್ಲ, ಹೊರಗೆರೆ ಮಾತ್ರ ಕಾಣುತ್ತದೆ. ಎರಡು ತುಂಡಿನ ಗೆರೆಯನ್ನೂ ಪೂರ್ತಿ ಕತ್ತರಿಸಿಬಿಡುತ್ತದೆ. ಸ್ಟಿಕರ್ ಅಂಟಿಸುವಾಗ ಒತ್ತಿನ ತಲೆ ಕಿತ್ತು ಬರುತ್ತದೆ. ಪರಿಹಾರ ಸುಲಭ. ಅಕ್ಷರ ಸೆಲೆಕ್ಟ್ ಮಾಡಿ ಕಂಟ್ರೋಲ್, ಶಿಫ್ಟ್, ಸಿ ಒತ್ತಿ ಪಾತ್ ಮಾಡಿ, ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿ ಬದಲಾಯಿಸಿ. ಅನ್‌ಗ್ರೂಪ್ ಮಾಡಿ. ಎಲ್ಲವನ್ನೂ ಹಿಡಿದು ಕಂಟ್ರೋಲ್ ಮತ್ತು ಪ್ಲಸ್ ಒತ್ತಿ, ಅಂದರೆ ಯೂನಿಯನ್. ಒತ್ತು ಅಕ್ಷರಕ್ಕೆ ಬೆಸೆದುಕೊಂಡು ಒಂದೇ ಹೊರಗೆರೆ ಆಗುತ್ತದೆ. ಕಂಬೈನ್ ಒತ್ತಬೇಡಿ. ಅದರಲ್ಲಿ ಗೆರೆಗಳು ಹಾಗೇ ಉಳಿಯುತ್ತವೆ, ಕೆಲವೊಮ್ಮೆ ಹತ್ತಿಕೊಂಡ ಜಾಗದಲ್ಲಿ ತೂತೂ ಬೀಳುತ್ತದೆ. ಕಳಿಸುವ ಮೊದಲು ವ್ಯೂ ಮೆನುವಿನಲ್ಲಿ ಡಿಸ್‌ಪ್ಲೇ ಮೋಡ್ ಅನ್ನು ಔಟ್‌ಲೈನ್‌ಗೆ ಹಾಕಿ ನೋಡಿ. ಪ್ಲಾಟರ್ ಏನನ್ನು ಕತ್ತರಿಸುತ್ತದೋ ಅದೇ ನಿಮಗೂ ಕಾಣುತ್ತದೆ.

ಪಾತ್ ಮಾಡುವ ಮೊದಲು ಫೈಲಿನ ಇನ್ನೊಂದು ಕಾಪಿ ಇಟ್ಟುಕೊಳ್ಳಿ. ಒಂದರಲ್ಲಿ ಅಕ್ಷರ ಅಕ್ಷರವಾಗಿಯೇ ಇರಲಿ, ಇನ್ನೊಂದು ಅಂಗಡಿಗೆ ಹೋಗಲಿ. ಮುಹೂರ್ತದ ಟೈಮು ಕೊನೇ ಗಳಿಗೆಯಲ್ಲಿ ಬದಲಾಗುವುದು ಹೊಸದೇನಲ್ಲವಲ್ಲ.

ಫ್ಲೆಕ್ಸ್‌ಗೆ ಹಳದಿ ಅಕ್ಷರ, ಕೆಂಪು ಬಾರ್ಡರ್ ಕೇಳುವವರೇ ಜಾಸ್ತಿ. ಸ್ಟ್ರೋಕ್, ಅಂದರೆ ಬಾರ್ಡರ್ ಗೆರೆ, ದಪ್ಪ ಮಾಡಿದರೆ ಅರ್ಧ ಗೆರೆ ಅಕ್ಷರದ ಒಳಕ್ಕೆ ನುಗ್ಗಿ ಹಳದಿಯನ್ನೇ ತಿನ್ನುತ್ತದೆ. ಅಕ್ಷರವನ್ನು ಡೂಪ್ಲಿಕೇಟ್ ಮಾಡಿ ಹಿಂದೆ ಇಡುವ ಹಳೆ ಪದ್ಧತಿ ಬೇಡ. ಸ್ಟ್ರೋಕ್ ಸ್ಟೈಲ್ ಟ್ಯಾಬ್‌ನಲ್ಲಿ ಆರ್ಡರ್ ಅಂತ ಇದೆ. ಸ್ಟ್ರೋಕ್ ಹಿಂದೆ, ಫಿಲ್ (ಒಳಗಿನ ಬಣ್ಣ) ಮುಂದೆ ಇರುವುದನ್ನು ಆರಿಸಿ. ಪಕ್ಕದಲ್ಲೇ ಜಾಯಿನ್ ಅನ್ನು ರೌಂಡ್‌ಗೆ ಹಾಕಿ. ಇಲ್ಲದಿದ್ದರೆ ತಲೆಕಟ್ಟಿನ ತುದಿಗಳಲ್ಲಿ ಮುಳ್ಳು ಎದ್ದಂತೆ ಕಾಣುತ್ತದೆ. ಡಿಸೈನ್ ಸಣ್ಣದು-ದೊಡ್ಡದು ಮಾಡುವಾಗ ಗೆರೆಯ ದಪ್ಪವೂ ಜೊತೆಗೆ ಬದಲಾಗಬೇಕಾದರೆ, ಸೆಲೆಕ್ಟ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಬರುವ ಆ ಬಟನ್ ಆನ್ ಇದೆಯೇ ನೋಡಿ.

10 ಅಡಿ, 4 ಅಡಿ ಫ್ಲೆಕ್ಸನ್ನು ನಾನು ಹತ್ತನೇ ಒಂದು ಅಳತೆಯಲ್ಲಿ ಮಾಡುತ್ತೇನೆ. ಅಂದರೆ 12 ಇಂಚು, 4.8 ಇಂಚು. ಎಕ್ಸ್‌ಪೋರ್ಟ್ ಮಾಡುವಾಗ 720 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಕೊಟ್ಟರೆ 8640 ಮತ್ತು 3456 ಪಿಕ್ಸೆಲ್‌ನ ಚಿತ್ರ ಬರುತ್ತದೆ. ಪೂರ್ತಿ ಅಳತೆಗೆ ಹಿಗ್ಗಿಸಿದಾಗ ಅದು 72 ಡಿಪಿಐ. ರಸ್ತೆ ಮೇಲೆ ದೂರದಿಂದ ನೋಡುವ ಬ್ಯಾನರ್‌ಗೆ ಅಷ್ಟು ಸಾಕು. ಮೊದಲೆಲ್ಲ ಇದರಿಂದ ಪಿಎನ್‌ಜಿ ಮಾತ್ರ ಬರುತ್ತಿತ್ತು. ಫ್ಲೆಕ್ಸ್ ಅಂಗಡಿಯವರು ಕೇಳುವುದು ಜೆಪಿಜಿ ಇಲ್ಲವೇ ಟಿಫ್. ಅದಕ್ಕೋಸ್ಕರ ಗಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶ ತೆರೆಯಬೇಕಿತ್ತು. 2021ರ 1.1ರಿಂದ ಎರಡೂ ನೇರವಾಗಿ ಸಿಗುತ್ತವೆ. ಸಣ್ಣ ಬದಲಾವಣೆ, ಆದರೆ ದಿನಾ ಉಳಿಯುವ ಕೆಲಸ.

ಅಪ್‌ಡೇಟ್‌ಗಳ ಮಾತಿಗೆ ಬರೋಣ. ಇಂಕ್‌ಸ್ಕೇಪ್ 2003ರಲ್ಲಿ ಸೋಡಿಪೋಡಿ ಅನ್ನುವ ಇನ್ನೊಂದು ಉಚಿತ ತಂತ್ರಾಂಶದಿಂದ ಕವಲೊಡೆದದ್ದು. 1.0 ಅಂತ ನಂಬರ್ ಹಾಕಿಕೊಳ್ಳಲು 2020ರ ಮೇ ತಿಂಗಳ ತನಕ ಕಾದರು. ಅವಸರ ಇಲ್ಲದ ಜನ! 1.0ದಲ್ಲಿ ಹೊರನೋಟ ಪೂರ್ತಿ ಬದಲಾಯಿತು, ಕ್ಯಾನ್ವಾಸ್ ತಿರುಗಿಸುವ ಸೌಲಭ್ಯ ಬಂತು. ಅದಕ್ಕಿಂತ ಹೆಚ್ಚು ನೆನಪಿಡಬೇಕಾದದ್ದು 2017ರ 0.92. ಅದುವರೆಗೆ ಒಂದು ಇಂಚಿಗೆ 90 ಪಿಕ್ಸೆಲ್ ಲೆಕ್ಕ ಇತ್ತು, ಆಗ 96 ಆಯಿತು. ಹಳೇ ಫೈಲನ್ನು ಲೆಕ್ಕ ಸರಿಮಾಡದೆ ತೆರೆದರೆ ಎಲ್ಲವೂ ಶೇಕಡಾ 6.25ರಷ್ಟು ಕುಗ್ಗುತ್ತದೆ. ವಿಸಿಟಿಂಗ್ ಕಾರ್ಡ್‌ಗೆ ಇದು ದೊಡ್ಡ ವ್ಯತ್ಯಾಸ. ಇಂಥ ಫೈಲ್ ತೆರೆದಾಗ ಅಳತೆ ಏನು ಮಾಡಲಿ ಅಂತ ಅದೇ ಒಂದು ಪೆಟ್ಟಿಗೆ ತೆರೆದು ಕೇಳುತ್ತದೆ. ಓದದೆ ಓಕೆ ಒತ್ತಬೇಡಿ. ಬ್ಯಾಕಪ್ ಇಡುವ ಆಯ್ಕೆಯೂ ಅಲ್ಲೇ ಇದೆ.

ನನ್ನ ಪ್ರಕಾರ ಇದುವರೆಗಿನ ಅತಿ ದೊಡ್ಡ ಅಪ್‌ಡೇಟ್ 2022ರ 1.2. ಒಂದೇ ಫೈಲಿನಲ್ಲಿ ಹಲವು ಪುಟ. ಲಗ್ನಪತ್ರಿಕೆ ಅಂದರೆ ಮುಖಪುಟ, ‘ಮಮತೆಯ ಕರೆಯೋಲೆ’ಯ ಒಳಪುಟ, ಕವರ್, ಕೆಲವರಿಗೆ ಆರತಕ್ಷತೆಯ ಬೇರೆ ಕಾರ್ಡ್. ಒಂದೊಂದರ ಅಳತೆ ಒಂದೊಂದು. ಮೊದಲು ನಾಲ್ಕು ಫೈಲ್ ಇಡಬೇಕಿತ್ತು, ದಿನಾಂಕ ಬದಲಾದರೆ ನಾಲ್ಕೂ ಕಡೆ ತಿದ್ದಬೇಕಿತ್ತು. ಈಗ ಪೇಜ್ ಟೂಲ್ ಹಿಡಿದು ಬೇರೆ ಬೇರೆ ಅಳತೆಯ ಪುಟಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಪಿಡಿಎಫ್ ತೆಗೆಯಬಹುದು. ಎಷ್ಟೋ ಪುಟದ ಪಿಡಿಎಫ್ ಬಂದರೂ ಒಟ್ಟಿಗೇ ತೆರೆಯುತ್ತದೆ. ಲೇಯರ್ಸ್ ಮತ್ತು ಆಬ್ಜೆಕ್ಟ್ಸ್ ಪಟ್ಟಿಗಳನ್ನು ಸೇರಿಸಿ ಒಂದೇ ಮಾಡಿದ್ದೂ 1.2ರಲ್ಲೇ.

2023ರ 1.3ರಲ್ಲಿ ಬಂದ ಶೇಪ್ ಬಿಲ್ಡರ್ ನನಗೆ ರಂಗೋಲಿ ಡಿಸೈನ್‌ಗೆ ಒದಗಿತು. ಹೆಣೆದುಕೊಂಡ ವೃತ್ತಗಳನ್ನು ಹಾಕಿ, ಎಕ್ಸ್ ಒತ್ತಿ, ಬೇಕಾದ ತುಂಡುಗಳ ಮೇಲೆ ಮೌಸ್ ಎಳೆದರೆ ಅವು ಸೇರಿಕೊಳ್ಳುತ್ತವೆ. ಶಿಫ್ಟ್ ಹಿಡಿದು ಒತ್ತಿದರೆ ಬೇಡದ್ದು ಹೋಗುತ್ತದೆ. ಯೂನಿಯನ್, ಡಿಫರೆನ್ಸ್, ಇಂಟರ್‌ಸೆಕ್ಷನ್ ಅಂತ ಒಂದೊಂದೇ ಮಾಡುತ್ತಾ ಕೂರಬೇಕಿಲ್ಲ. ರಂಗೋಲಿಗೆ ಇನ್ನೊಂದು ದಾರಿ ಪಾತ್ ಎಫೆಕ್ಟ್‌ಗಳಲ್ಲಿರುವ ರೊಟೇಟ್ ಕಾಪೀಸ್. ಎಂಟರಲ್ಲಿ ಒಂದು ದಳ ಬರೆದು, 45 ಡಿಗ್ರಿ ಕೊಟ್ಟು, ಎಂಟು ಕಾಪಿ ಅಂತ ಹೇಳಿ. ಆಮೇಲೆ ಮೂಲ ದಳದ ಒಂದು ನೋಡ್ ಎಳೆದರೆ ಎಂಟೂ ಒಟ್ಟಿಗೆ ಬದಲಾಗುತ್ತವೆ. ನೋಡುವುದಕ್ಕೇ ಖುಷಿ.

1.3ರಲ್ಲಿ ಪುಟಕ್ಕೆ ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಬಿಡುವ ಬಣ್ಣದ ಜಾಗ) ಮತ್ತು ಮಾರ್ಜಿನ್ ಕೊಡುವುದೂ ಬಂತು. ಪಿಡಿಎಫ್ ತೆರೆಯುವಾಗ ಫಾಂಟ್‌ಗಳನ್ನು ಏನು ಮಾಡಬೇಕು ಅಂತ ಆರಿಸಬಹುದು. ಕನ್ನಡ ಪಿಡಿಎಫ್ ಆದರೆ ಅಕ್ಷರಗಳನ್ನು ಆಕಾರವಾಗಿ ಬದಲಾಯಿಸುವ ಆಯ್ಕೆ ಕೊಡಿ. ಅಕ್ಷರವಾಗಿಯೇ ತರಲು ಹೋದರೆ ಒತ್ತುಗಳು ದಿಕ್ಕಾಪಾಲಾಗುತ್ತವೆ. 2024ರ 1.4ರಲ್ಲಿ ಫಿಲ್ಟರ್ ಗ್ಯಾಲರಿ ಬಂತು, ಚಿತ್ರ ನೋಡಿ ಆರಿಸಬಹುದು. ನನಗೆ ಫಿಲ್ಟರ್ ಬೇಕಾಗುವುದೇ ಅಪರೂಪ, ಹಾಗಾಗಿ ಹೆಚ್ಚು ಹೇಳುವುದಿಲ್ಲ.

ಕಷ್ಟದ ವಿಷಯ ಒಂದೇ, ಆದರೆ ದೊಡ್ಡದು. ಸಿಎಂವೈಕೆ, ಅಂದರೆ ಪ್ರೆಸ್‌ನ ನಾಲ್ಕು ಇಂಕಿನ ಬಣ್ಣದ ಲೆಕ್ಕ. ನಾನು ಬಳಸಿದ 1.4ರವರೆಗೂ ಇದರಿಂದ ಹೊರಬರುವ ಪಿಡಿಎಫ್ ಆರ್‌ಜಿಬಿಯೇ, ಅಂದರೆ ಸ್ಕ್ರೀನಿನ ಬಣ್ಣದ ಲೆಕ್ಕದ್ದೇ. ಫ್ಲೆಕ್ಸ್‌ಗೆ, ವಾಟ್ಸ್ಆ್ಯಪ್ ಪತ್ರಿಕೆಗೆ ಏನೂ ತೊಂದರೆ ಇಲ್ಲ. ಆಫ್‌ಸೆಟ್ ಪ್ರಿಂಟಿಂಗ್‌ಗೆ ತೊಂದರೆ. ಸ್ಕ್ರೀನ್ ಮೇಲಿನ ಶುದ್ಧ ಕಪ್ಪು, ಪ್ರೆಸ್‌ನಲ್ಲಿ ಬದಲಾಯಿಸುವಾಗ ನಾಲ್ಕೂ ಇಂಕಿನ ಮಿಶ್ರಣ ಆಗಿಬಿಡುತ್ತದೆ. ನಾಲ್ಕು ಪ್ಲೇಟು ಕೂದಲೆಳೆಯಷ್ಟು ಆಚೀಚೆ ಆದರೂ 9 ಪಾಯಿಂಟ್‌ನ ಒತ್ತಕ್ಷರದ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಬಣ್ಣದ ಆಫ್‌ಸೆಟ್ ಕೆಲಸವಿದ್ದರೆ ನಾನು ಚಿತ್ರ, ಅಲಂಕಾರ ಇಲ್ಲಿ ಮಾಡಿಕೊಂಡು ಸ್ಕ್ರೈಬಸ್ ಅನ್ನುವ ಪುಟವಿನ್ಯಾಸದ ತಂತ್ರಾಂಶಕ್ಕೆ ಒಯ್ಯುತ್ತೇನೆ. ಅಲ್ಲಿ ಅಕ್ಷರಕ್ಕೆ ಕಪ್ಪು ಇಂಕ್ ಒಂದನ್ನೇ ಕೊಟ್ಟು ಸಿಎಂವೈಕೆ ಪಿಡಿಎಫ್ ತೆಗೆಯುತ್ತೇನೆ. ಸ್ಕ್ರೀನ್ ಪ್ರಿಂಟಿಂಗ್ ಆದರೆ ಈ ತಲೆನೋವಿಲ್ಲ. ಬಣ್ಣಕ್ಕೊಂದು ಪುಟ ಮಾಡಿ, ಎಲ್ಲವನ್ನೂ ಕಪ್ಪಲ್ಲೇ ಕೊಟ್ಟರಾಯಿತು. 1.2ರ ಪುಟಗಳು ಇಲ್ಲೂ ಕೈಹಿಡಿಯುತ್ತವೆ.

ಕೋರಲ್ ಡ್ರಾ ಅನ್ನುವ ಡಿಸೈನ್ ತಂತ್ರಾಂಶ ಬಳಸುತ್ತಾ ‘ಕೋರಲ್ ಫೈಲ್ ಕೊಡಿ’ ಅನ್ನುವ ಪ್ರೆಸ್‌ಗಳು ಈಗಲೂ ಇವೆ. ಇಂಕ್‌ಸ್ಕೇಪ್ ಕೋರಲ್ ಫೈಲ್ ತೆರೆಯಬಲ್ಲದು, ಹಳೇ ವರ್ಶನ್‌ನದ್ದಾದರೆ ಸಾಮಾನ್ಯವಾಗಿ ಚೆನ್ನಾಗಿಯೇ. ಆದರೆ ಬರೆದುಕೊಡಲಾರದು. ಅಕ್ಷರವನ್ನೆಲ್ಲ ಪಾತ್ ಮಾಡಿದ ಪಿಡಿಎಫ್ ಕೊಟ್ಟರೆ ಅವರ ಕೋರಲ್‌ನಲ್ಲಿ ತೆರೆಯುತ್ತದೆ. ಅಷ್ಟು ಹೊಂದಾಣಿಕೆಗೆ ಒಪ್ಪದ ಪ್ರೆಸ್‌ನ ಕೆಲಸವೇ ನಿಮ್ಮದಾದರೆ ಕೋರಲ್ ಕಲಿಯುವುದೇ ಲೇಸು. ಬ್ರಷ್ ಹಿಡಿದು ಪೇಂಟಿಂಗ್ ಥರ ಬಿಡಿಸುವವರು ಕ್ರಿಟಾ ನೋಡಿ, ಇದಲ್ಲ. ಬ್ರಷ್‌ನಲ್ಲಿ ಕಾಗದದ ಮೇಲೆ ಬರೆದ ಅಕ್ಷರವನ್ನು ವೆಕ್ಟರ್, ಅಂದರೆ ಗೆರೆಗಳ ಆಕಾರ, ಮಾಡಬೇಕಾದರೆ ಮಾತ್ರ ಇಲ್ಲಿಗೇ ಬನ್ನಿ. ಬಿಳಿ ಹಾಳೆ, ಕಪ್ಪು ಇಂಕು, ನೆರಳು ಬೀಳದಂತೆ ಫೋಟೋ. ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಬ್ರೈಟ್‌ನೆಸ್ ಮಿತಿಯನ್ನು ಆಚೀಚೆ ಮಾಡುತ್ತಾ ಪ್ರಿವ್ಯೂ ನೋಡಿ, ಸ್ಪೆಕಲ್ಸ್ ಸ್ವಲ್ಪ ಏರಿಸಿದರೆ ಧೂಳಿನ ಚುಕ್ಕೆ ಹೋಗುತ್ತವೆ.

ಹೊಸ ವರ್ಶನ್ ಬಂದ ದಿನವೇ ಹಾಕಿಕೊಳ್ಳುವ ಆತುರ ಬೇಡ, ಅದರಲ್ಲೂ ಮದುವೆ ಸೀಸನ್‌ನಲ್ಲಿ. ಮೊದಲ ಒಂದೆರಡು ತಿದ್ದುಪಡಿ ಬಂದ ಮೇಲೆ ಹಾಕಿ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡದೆ ಓಡಿಸುವ ಜಿಪ್ ಥರದ ಕಾಪಿ ಸಿಗುತ್ತದೆ, ಲಿನಕ್ಸ್‌ನಲ್ಲಿ ಆ್ಯಪ್‌ಇಮೇಜ್. ಹೊಸದನ್ನು ಬೇರೆ ಫೋಲ್ಡರ್‌ನಲ್ಲಿಟ್ಟು, ನಿಮ್ಮ ಹಳೇ ಫೈಲುಗಳ ಕಾಪಿ ಅದರಲ್ಲಿ ತೆರೆದು ನೋಡಿ. ಒಂದು ಸೀಲು, ಒಂದು ಪತ್ರಿಕೆ, ಒಂದು ಫ್ಲೆಕ್ಸ್ ತೆರೆದು ಸಾಲಿನ ಅಂತರ, ಅಳತೆ ಸರಿ ಇದ್ದರೆ ಸಾಕು. ಪ್ರಿಫರೆನ್ಸಸ್‌ನಲ್ಲಿ ಆಟೋಸೇವ್ ಆನ್ ಇದೆಯೇ ಅಂತಲೂ ಅಲ್ಲೇ ನೋಡಿಕೊಳ್ಳಿ.