ಕಡಲಿಗೆ ಹೋಗುವವರು ಟ್ರೈಪಾಡಿನಲ್ಲಿ ಏನು ನೋಡಬೇಕು: ವರ್ಷ ದಾಟಿದ ಬಳಕೆಯ ಅನುಭವ

ಇದು ಅಲ್ಯೂಮಿನಿಯಂ ಟ್ರೈಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್. ನಾಲ್ಕು ಹಂತದ ಕಾಲು, ತಿರುಗಿಸಿ ಬಿಗಿ ಮಾಡುವ ಲಾಕ್, ಮೇಲೊಂದು ಬಾಲ್ ಹೆಡ್ (ಕ್ಯಾಮೆರಾವನ್ನು ಬೇಕಾದ ಕಡೆ ವಾಲಿಸಿ ಬಿಗಿ ಮಾಡುವ ಗುಂಡಿನ ಭಾಗ). ಬೆಲೆ ಏಳು ಸಾವಿರದ ಆಸುಪಾಸು. ಇದೇ ಅಚ್ಚಿನದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಹಾಗಾಗಿ ಹೆಸರಿಗಿಂತ ಅದನ್ನು ಹೇಗೆ ಜೋಡಿಸಿದ್ದಾರೆ ಅನ್ನೋದರ ಬಗ್ಗೆ ಬರೆಯುತ್ತೇನೆ. ಕೊಂಡು ವರ್ಷ ದಾಟಿದೆ. ಅದರಲ್ಲಿ ಒಂದು ತಿಂಗಳು ಮರವಂತೆಯಿಂದ ಕಾರವಾರದವರೆಗೆ ಕಡಲ ದಂಡೆಯಲ್ಲೇ ಕಳೆದಿದೆ. ಉಳಿದ ಹನ್ನೊಂದು ತಿಂಗಳಲ್ಲಿ ಗೊತ್ತಾಗದ ಸಂಗತಿಗಳು ಆ ಒಂದು ತಿಂಗಳಲ್ಲಿ ಗೊತ್ತಾದವು.

ದಾವಣಗೆರೆಯ ಸುತ್ತಮುತ್ತ ಇದರ ಮೇಲೆ ಒಂದೂ ದೂರಿಲ್ಲ. ಕೊಂಡಜ್ಜಿ ಕೆರೆ, ಸೂಳೆಕೆರೆ, ಚಿತ್ರದುರ್ಗದ ಕೋಟೆ, ಎಲ್ಲ ಕಡೆ ಹೊತ್ತುಕೊಂಡು ಹೋಗಿದ್ದೇನೆ. ಕೋಟೆಯ ಬಂಡೆಗಳ ಮೇಲೆ ರಬ್ಬರ್ ಪಾದ ಚೆನ್ನಾಗಿ ಹಿಡಿಯುತ್ತದೆ. ಜೋಗಿಮಟ್ಟಿಯ ಗಾಳಿ ಗೊತ್ತಲ್ವಾ? ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ಇರುವ ಗುಡ್ಡಗಳವು. ಅಲ್ಲೂ ನಡುವಿನ ಕಂಬ ಎತ್ತದೆ, ಕ್ಯಾಮೆರಾದ ಬೆಲ್ಟ್ ಬಿಚ್ಚಿಟ್ಟು, ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತುಹಾಕಿದರೆ ಅಲುಗಾಡದೆ ನಿಲ್ಲುತ್ತದೆ. ಬ್ಯಾಗ್ ನೆಲಕ್ಕೆ ಸ್ವಲ್ಪ ತಾಗಿರಬೇಕು ಅಷ್ಟೇ. ಗಾಳಿಗೆ ತೂಗಾಡಿದರೆ ಟ್ರೈಪಾಡನ್ನೂ ಅಲ್ಲಾಡಿಸುತ್ತದೆ. ನಮ್ಮ ಕಡೆ ಧೂಳು ಜಾಸ್ತಿ, ಆದರೆ ಧೂಳನ್ನು ಒಂದು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಕಡಲ ಕಥೆಯೇ ಬೇರೆ.

ಅಲೆಯನ್ನು ಮಂಜಿನ ಹಾಗೆ ನುಣುಪಾಗಿ ತೆಗೆಯಬೇಕು ಎಂದರೆ ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆ, ಬಹಳ ಹೊತ್ತು ತೆರೆದಿರಬೇಕು. ಅದಕ್ಕೆ ನಾನು ಬಳಸಿದ್ದು ಎನ್‌ಡಿ 1000 ಫಿಲ್ಟರ್. ಬೆಳಕನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು ಅದು. ಫಿಲ್ಟರ್ ಇಲ್ಲದೆ 1/30 ಸೆಕೆಂಡ್ ಸಾಕಾಗುವ ಬೆಳಕಿನಲ್ಲಿ, ಇದನ್ನು ಹಾಕಿದರೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ಆ ಅರ್ಧ ನಿಮಿಷ ಟ್ರೈಪಾಡ್ ಕೂದಲೆಳೆಯಷ್ಟೂ ಕದಲಬಾರದು. ಮರವಂತೆಯಲ್ಲಿ ಮೊದಲ ತೊಂದರೆ ಶುರುವಾಗಿದ್ದು ಇಲ್ಲೇ. ಅಲೆ ಹಿಂದಕ್ಕೆ ಸರಿಯುವಾಗ ಕಾಲಿನ ಸುತ್ತಲಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಕಾಲು ಒಂದೊಂದಾಗಿ ಕುಸಿಯುತ್ತದೆ, ಚಿತ್ರ ಮಸುಕಾಗುತ್ತದೆ, ದಿಗಂತ ವಾಲುತ್ತದೆ. ಈ ಟ್ರೈಪಾಡಿನ ರಬ್ಬರ್ ಪಾದವನ್ನು ತಿರುಗಿಸಿ ಬಿಚ್ಚಬಹುದು. ಜೊತೆಯಲ್ಲೇ ಕೊಟ್ಟಿರುವ ಮೊಳೆಯಂಥ ಲೋಹದ ಪಾದ ಹಾಕಿ, ಮೇಲಿಂದ ಒತ್ತಿ ಗಟ್ಟಿ ಮರಳು ಸಿಗುವವರೆಗೆ ಇಳಿಸಬೇಕು. ಎರಡು ಮೂರು ಅಲೆ ಹಾದುಹೋಗಲು ಬಿಟ್ಟು ಆಮೇಲೆ ಫ್ರೇಮ್ ಕೂಡಿಸಿದರೆ ನಿಲ್ಲುತ್ತದೆ. ಈ ಬೆಲೆಗೆ ಲೋಹದ ಪಾದ ಕೊಟ್ಟಿರುವುದು ದೊಡ್ಡ ವಿಷಯ. ಅದು ಇಲ್ಲದಿದ್ದರೆ ಮರವಂತೆಯ ಒಂದು ಚಿತ್ರವೂ ನನ್ನ ಕೈಗೆ ಸಿಗುತ್ತಿರಲಿಲ್ಲ.

ಹಾಗೆಂದು ಎಲ್ಲ ಸಂಜೆಯೂ ಚಿತ್ರ ಸಿಗುತ್ತದೆ ಅಂದುಕೊಳ್ಳಬೇಡಿ. ನಾನು ಹೋದದ್ದು ನವೆಂಬರಿನಲ್ಲಿ. ಹಿಂಗಾರಿನ ಮೋಡ ಒಳ್ಳೆಯದೇ, ಆದರೆ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಅಡ್ಡ ಬಂದ ಸಂಜೆಗಳೇ ಜಾಸ್ತಿ. ಮೋಡ ಇಲ್ಲದ ದಿನ ಕಡಲ ಮೇಲಿನ ಮಬ್ಬಿನಲ್ಲಿ ಸೂರ್ಯ ನೀರು ಮುಟ್ಟುವ ಮೊದಲೇ ಕರಗಿಹೋಗುತ್ತಿದ್ದ. ಇನ್ನೊಂದು, ಉಬ್ಬರ ಇಳಿತದ ಲೆಕ್ಕ. ದಿನದಿಂದ ದಿನಕ್ಕೆ ಅದು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಗೋಕರ್ಣದ ಓಂ ಬೀಚಿನ ಕಪ್ಪು ಬಂಡೆಗಳು ಪೂರ್ತಿ ಹೊರಗೆ ಕಾಣಬೇಕು, ಅದೇ ಹೊತ್ತಿಗೆ ಸೂರ್ಯ ಮುಳುಗಬೇಕು ಎಂದರೆ ಅಂಥ ಸಂಜೆಗಳು ಸಾಲಾಗಿ ಕೆಲವೇ ಸಿಗುತ್ತವೆ. ಅವು ಕಳೆದರೆ ಮತ್ತೆ ಎರಡು ವಾರ ಕಾಯಬೇಕು. ನಮ್ಮಂಥ ಬಯಲುಸೀಮೆಯವರು ರೂಮ್ ಬುಕ್ ಮಾಡುವ ಮೊದಲು ಉಬ್ಬರ ಇಳಿತದ ಪಟ್ಟಿ ನೋಡಲೇಬೇಕು.

ಈಗ ಮುಖ್ಯ ವಿಷಯ, ಉಪ್ಪು. ಟ್ರೈಪಾಡಿನ ಜೊತೆ ಬಂದ ಚೀಟಿಯಲ್ಲಿ ಬಳಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದಷ್ಟೇ ಇದೆ. ಪ್ರತಿ ರಾತ್ರಿ ಒರೆಸುವುದರ ಜೊತೆಗೆ ಸಿಹಿನೀರಿನಲ್ಲೂ ತೊಳೆದಿದ್ದೇನೆ. ಅಷ್ಟಾದರೂ ಎರಡನೇ ವಾರಕ್ಕೆ ಕೆಳಗಿನ ಲಾಕ್ ತಿರುಗಿಸಿದಾಗ ಕರಕರ ಸದ್ದು. ಮೂರನೇ ವಾರಕ್ಕೆ ಒಂದು ಕಾಲು ಒಳಗೇ ಸಿಕ್ಕಿಕೊಂಡಿತು. ಹೊರಗಿನಿಂದ ತೊಳೆದ ನೀರು ಕೊಳವೆಯೊಳಗೆ ಹೋಗುವುದಿಲ್ಲ. ಲಾಕಿನ ಸಂದಿಯಲ್ಲಿ ನುಗ್ಗಿದ ಉಪ್ಪುನೀರು ಮಾತ್ರ ಅಲ್ಲೇ ಒಣಗಿ, ಮರಳಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಇದನ್ನು ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೂ ಎಷ್ಟೋ ಜನರ ಟ್ರೈಪಾಡ್ ಉಳಿಯುತ್ತಿತ್ತು.

ಇಲ್ಲಿ ಈ ಟ್ರೈಪಾಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಕಾಲುಗಳನ್ನು ಯಾವ ಸಾಧನವೂ ಇಲ್ಲದೆ ಕೈಯಲ್ಲೇ ಬಿಚ್ಚಬಹುದು. ಲಾಕನ್ನು ಪೂರ್ತಿ ತಿರುಗಿಸಿದರೆ ಕೊಳವೆ ಹೊರಗೆ ಬರುತ್ತದೆ. ಅದರ ತುದಿಯಲ್ಲಿ ಎರಡು ಹೋಳಿನ ಪ್ಲಾಸ್ಟಿಕ್ ಬುಷ್ ಇರುತ್ತದೆ. ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳಿ, ಅದು ಸುಮ್ನೆ ಉದುರಿಬಿಡುತ್ತದೆ. ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಬಕೆಟ್ ಸಿಹಿನೀರಿನಲ್ಲಿ ಎಲ್ಲವನ್ನೂ ಅದ್ದಿ, ಹಳೇ ಟೂತ್‌ಬ್ರಷ್‌ನಲ್ಲಿ ಲಾಕಿನ ತಿರುಪು ಉಜ್ಜಿ, ರಾತ್ರಿಯಿಡೀ ನೆರಳಲ್ಲಿ ಒಣಗಿಸಿ. ಆಮೇಲೆ ತಿರುಪಿಗೆ ಮಾತ್ರ ತೆಳುವಾಗಿ ಗ್ರೀಸ್. ಬುಷ್‌ಗೆ ಹಚ್ಚಬೇಡಿ, ಕಾಲು ಜಾರುತ್ತದೆ. ಒಂದು ಗಂಟೆಯ ಕೆಲಸ. ಕಡಲಲ್ಲಿ ನೆನೆದ ದಿನ ಇದನ್ನು ತಪ್ಪಿಸಬಾರದು. ಸಿಕ್ಕಿಕೊಂಡಿದ್ದ ಕಾಲು ಹೀಗೇ ಸರಿಹೋಯಿತು. ಜೊತೆಗಿದ್ದ ಗೆಳೆಯನ ಟ್ರೈಪಾಡಿನ ಲಾಕುಗಳಿಗೆ ರಿವೆಟ್ ಹೊಡೆದಿದ್ದರು. ಅದನ್ನು ಬಿಚ್ಚುವುದಕ್ಕೇ ಆಗಲಿಲ್ಲ, ಇವತ್ತಿಗೂ ಅದರ ಒಂದು ಕಾಲು ಉದ್ದವಾಗುವುದಿಲ್ಲ.

ಕಾಲು ಸೇರುವ ಜಾಗದ ಬೋಲ್ಟುಗಳದ್ದು ಬೇರೆ ಗೋಳು. ಊರಿಗೆ ಬರುವಷ್ಟರಲ್ಲಿ ತುಕ್ಕು ಹಿಡಿದು, ಸುತ್ತಲಿನ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದಿತ್ತು. ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿದರೆ ಬೋಲ್ಟ್ ಬಿಡಿಯಾಗಿ ಸಿಗಲ್ಲ, ಪೂರ್ತಿ ಟ್ರೈಪಾಡ್ ಕಳಿಸಿ ಅಂದರು. ಅವರು ಹೇಳಿದ ಖರ್ಚು ಕೊಂಡ ಬೆಲೆಯ ಅರ್ಧದ ಹತ್ತಿರ. ಮೂರು ಬೋಲ್ಟಿಗೆ ಇದು ನ್ಯಾಯವಾ? ಬೋಲ್ಟ್ ಬಿಚ್ಚಿಕೊಂಡು ನಮ್ಮೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು ಅದೇ ಅಳತೆಯ ಸ್ಟೇನ್‌ಲೆಸ್ ಬೋಲ್ಟ್ ಹುಡುಕಿ ಕೊಟ್ಟು, "ಗ್ರೀಸ್ ಹಚ್ಚದೆ ಹಾಕಬ್ಯಾಡ್ರಿ ಅಣ್ಣಾ, ಉಪ್ಪುನೀರು ತಾಗಿದ್ರೆ ಅಲ್ಯೂಮಿನಿಯಂ ತಿಂದ್ಬಿಡ್ತದೆ" ಅಂದರು. ಅವರು ಹೇಳಿದ್ದು ಸರಿ. ಎರಡು ಬೇರೆ ಲೋಹದ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ನೂರು ರೂಪಾಯಿಯೊಳಗೆ ಮುಗಿದ ಕೆಲಸ, ಇಲ್ಲಿವರೆಗೆ ತುಕ್ಕಿನ ಸುಳಿವಿಲ್ಲ.

ಬಾಲ್ ಹೆಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಲ ನೋಟದ ಲೆನ್ಸಿಗೆ ಸಾಕು. ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್ ಹಾಕಿದರೆ ಬಿಗಿ ಮಾಡಿದ ಮೇಲೂ ಚೂರು ಕೆಳಗೆ ವಾಲುತ್ತದೆ. ಫ್ರೇಮನ್ನು ಸ್ವಲ್ಪ ಮೇಲಿಟ್ಟು ಬಿಗಿ ಮಾಡಿದರೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ತಳದಲ್ಲಿ ಸುತ್ತ ತಿರುಗುವ ಭಾಗಕ್ಕೆ ಮಾತ್ರ ಮರಳು ಹೊಕ್ಕಿದೆ, ಅದನ್ನು ಬಿಚ್ಚಲು ಬರುವುದಿಲ್ಲ. ಈಗಲೂ ತಿರುಗಿಸುವಾಗ ಒರಟು ಅನಿಸುತ್ತದೆ.

ದಾವಣಗೆರೆ, ಚಿತ್ರದುರ್ಗದ ಕೆರೆ ಗುಡ್ಡಗಳಿಗೆ ಮಾತ್ರ ಬೇಕು ಎನ್ನುವವರು ಕಣ್ಣು ಮುಚ್ಚಿ ಕೊಳ್ಳಬಹುದು. ಕಡಲಿಗೂ ಬೇಕು ಎನ್ನುವವರು, ಯಾವ ಹೆಸರಿನದೇ ಆಗಲಿ, ಅಂಗಡಿಯಲ್ಲೇ ಒಂದು ಕಾಲು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿ ತೋರಿಸಿ ಎಂದು ಕೇಳಿ. ಅದಕ್ಕೆ ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ಸಿಕ್ಕರೆ ಮೂರು ಹಂತದ ಕಾಲಿನದನ್ನೇ ತೆಗೆದುಕೊಳ್ಳಿ. ಮಡಚಿದಾಗ ಸ್ವಲ್ಪ ಉದ್ದ ಆಗುತ್ತದೆ ನಿಜ, ಆದರೆ ಕಾಲಿಗೊಂದು ಲಾಕ್ ಕಡಿಮೆ. ಉಪ್ಪು ನುಗ್ಗುವ ಸಂದಿಯೂ, ರಾತ್ರಿ ಕೂತು ತೊಳೆಯುವ ಕೆಲಸವೂ ಅಷ್ಟು ಕಡಿಮೆ.